ಬೀಗರೂಟದ ಕೋಳಿಗಳೂ ನನ್ನ ನೀತಿಕತೆಯೂ

ಮಕ್ಕಳ ಕತೆ ಬರೆಯುವಷ್ಟು ಸುಲಭದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ ಎಂದು ನಾನು ನಾಲ್ಕು ವರ್ಷ ದೃಢವಾಗಿ ನಂಬಿದ್ದೆ. ಒಂದು ಪ್ರಾಣಿ ಬೇಕು. ಅದಕ್ಕೆ ಮಾತು ಬರಬೇಕು. ಕೊನೆಯಲ್ಲೊಂದು ನೀತಿ ಇರಬೇಕು. ಇಷ್ಟೇ!

ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ ಕೀಪರ್. ಹಗಲೆಲ್ಲ ನಟ್ಟು, ಬೋಲ್ಟು, ಗ್ರೀಸ್ ಡಬ್ಬಗಳ ಸಹವಾಸ. ಸಂಜೆ ಮದ್ದೂರಿನ ಮನೆಗೆ ಬಂದು ಕಾಫಿ ಕುಡಿದ ಮೇಲೆ ನಾನು ಮಕ್ಕಳ ಸಾಹಿತಿ. ಹಾಗೆಂದು ನಾನು ಹೇಳಿಕೊಳ್ಳುವುದು. ಪತ್ರಿಕೆಯವರು ಇನ್ನೂ ಒಪ್ಪಿಲ್ಲ. ಕಳಿಸಿದ ಕತೆಗಳೆಲ್ಲ 'ಸ್ಥಳಾವಕಾಶವಿಲ್ಲ' ಎಂಬ ಒಂದೇ ಸಾಲಿನ ಉತ್ತರದೊಂದಿಗೆ ಮರಳಿ ಬಂದವು.

"ಜಾಗ ಇಲ್ದಿದ್ರೆ ನಿಂತ್ಕಂಡಾದ್ರೂ ಬತ್ತದೆ ಅನ್ನಿ," ಎಂದಳು ನನ್ನ ಹೆಂಡತಿ ಸೌಮ್ಯ. "ಬೆಳಗಿನ ಮಂಡ್ಯ ಬಸ್ಸಲ್ಲಿ ನಾವೆಲ್ಲ ಓಗಲ್ವಾ?"

ಉತ್ಸಾಹ ಕುಂದಬಾರದು ಎಂದು, ಲೇಖಕರಾಗುವುದು ಹೇಗೆ ಎಂದು ಕಲಿಸುವ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡತೊಡಗಿದೆ. 'ನಾನು ಲೇಖಕ' ಎಂದು ಚೀಟಿ ಬರೆದು ಕನ್ನಡಿಗೆ ಅಂಟಿಸಿ, ದಿನಾ ಬೆಳಿಗ್ಗೆ ಗಟ್ಟಿಯಾಗಿ ಓದಿ ಎಂದರು ಒಬ್ಬರು. ಅಂಟಿಸಿದೆ. ಮೂರನೆಯ ದಿನ ಅದರ ಕೆಳಗೆ ಸೌಮ್ಯಳ ಅಕ್ಷರದಲ್ಲಿ ಇನ್ನೊಂದು ಚೀಟಿ ಇತ್ತು: 'ಮೊದಲು ಗ್ಯಾಸ್ ಬುಕ್ ಮಾಡಿ.' ಇನ್ನೊಬ್ಬರು, ನಿಮ್ಮ ಕತೆಯನ್ನು ನಿಜವಾದ ಮಕ್ಕಳ ಮುಂದೆ ಓದಿ ನೋಡಿ ಎಂದರು. ಈ ಮಾತು ನಾಟಿತು. ಆದರೆ ಮಕ್ಕಳೆಲ್ಲಿ? ನಮ್ಮ ಮಗ ಹತ್ತನೇ ಕ್ಲಾಸು. ನಾನು ನೋಟ್‌ಬುಕ್ ಹಿಡಿದು ಬರುವುದು ಕಂಡರೆ ಸಾಕು, ಪಾಪ, ಗಣಿತ ಮಾಡಲು ಕೂತುಬಿಡುತ್ತಾನೆ!

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೂ ಸಾಕಾಗಿತ್ತು. ಯಾರೂ ಓದದ್ದನ್ನು ಬರೆಯುತ್ತಾ ಕೂರುವುದಕ್ಕೆ ಒಳಗೊಳಗೇ ನಾಚಿಕೆಯಾಗುತ್ತಿತ್ತು. ಒಂದೇ ಒಂದು ಮಗು ನನ್ನ ಕತೆಯನ್ನು ಕೊನೆಯವರೆಗೆ ಕೇಳಿದರೆ ಬರೆಯುತ್ತೇನೆ, ಇಲ್ಲದಿದ್ದರೆ ನೋಟ್‌ಬುಕ್ಕನ್ನು ಅಟ್ಟಕ್ಕೆ ಹಾಕುತ್ತೇನೆ ಎಂದು ತೀರ್ಮಾನಿಸಿದೆ.

ಅಷ್ಟರಲ್ಲಿ ಅಕ್ಕನ ಮಗನ ಮದುವೆಯಾಯಿತು. ಮುಂದಿನ ಭಾನುವಾರ ಮಳವಳ್ಳಿ ಹತ್ತಿರದ ಅಕ್ಕನ ಊರಿನಲ್ಲಿ ಬೀಗರೂಟ. ಹೆಣ್ಣಿನ ಕಡೆಯವರು ಮಂಡ್ಯದಿಂದ ಬಸ್ಸು ಮಾಡಿಕೊಂಡು ಬರುವವರಿದ್ದರು. ಮಟನ್ ಎಲ್ಲರೂ ಹಾಕುತ್ತಾರೆ, ನಮ್ಮ ಮನೆಯಲ್ಲಿ ನಾಟಿ ಕೋಳಿ ಸಾರೂ ಇರುತ್ತದೆ ಎಂದು ಅಕ್ಕ ಹತ್ತು ಜನರ ಮುಂದೆ ಮಾತು ಕೊಟ್ಟಿದ್ದಳು. ಊರೂರು ಸುತ್ತಿ ಭಾವ ತಂದಿದ್ದ ಇಪ್ಪತ್ತೈದು ನಾಟಿ ಕೋಳಿಗಳು ಹಿತ್ತಲಿನ ಜಾಲರಿ ಗೂಡಿನಲ್ಲಿ ಕೊಕ್ಕರಿಸುತ್ತಿದ್ದವು. ಹಿತ್ತಲು ದಾಟಿದರೆ ಆಳೆತ್ತರದ ಕಬ್ಬಿನ ಗದ್ದೆ.

ಭಾನುವಾರ ಬೆಳಿಗ್ಗೆ ನಾನು ಹೊಸ ಪಂಚೆ ಉಟ್ಟು, ಯಾವ ಕೆಲಸಕ್ಕೂ ಬಾರದವನಂತೆ ಅಡ್ಡಾಡುತ್ತಿದ್ದೆ. ಅಕ್ಕ ಕರೆದಳು.

"ಲೇ, ಈ ಐಕ್ಳು ಒಲೆ ತಾವ್ಕೇ ಬತ್ತವೆ ಕಣ್ಲಾ. ಕರ್ಕಂಡೋಗಿ ಇತ್ಲಲ್ಲಿ ಕೂರಿಸ್ಕೊ. ಏನಾರ ಕತೆಗಿತೆ ಹೇಳು."

ಕತೆ! ಅಕ್ಕನ ಬಾಯಿಂದ! ಚೀಲದಲ್ಲಿದ್ದ ನೋಟ್‌ಬುಕ್ ಕ್ಷಣದಲ್ಲಿ ನನ್ನ ಕೈಗೆ ಬಂತು. ಹಿತ್ತಲಿನಲ್ಲಿ ಹನ್ನೊಂದು ಮಕ್ಕಳನ್ನು ಸಾಲಾಗಿ ಕೂರಿಸಿದೆ. ಮುಂದಿನ ಸಾಲಿನಲ್ಲಿ ಎರಡನೇ ಕ್ಲಾಸಿನ ನಿತ್ಯ, ಅಕ್ಕನ ಮೈದುನನ ಮಗಳು. ನಾನು ಗಂಟಲು ಸರಿಮಾಡಿಕೊಂಡೆ.

"ಕತೆಯ ಹೆಸರು, ಕೃತಜ್ಞ ಕುಕ್ಕುಟ."

"ಕುಕ್ಕುಟ ಅಂದ್ರೇನು ಮಾಮ?" ನಿತ್ಯ ಕೇಳಿದಳು.

"ಕೋಳಿ."

"ಕೋಳಿ ಅಂತ್ಲೇ ಅನ್ನು ಮತ್ತೆ."

ಮೊದಲ ವಿಮರ್ಶೆಯನ್ನು ನುಂಗಿಕೊಂಡು ಮುಂದುವರಿದೆ. ನನ್ನ ಕತೆಯಲ್ಲಿ ರೈತನೊಬ್ಬ ಕೋಳಿಗೂಡಿನ ಬಾಗಿಲು ಹಾಕಲು ಮರೆಯುತ್ತಾನೆ. ಕೋಳಿಗಳೆಲ್ಲ ಓಡೋಣ ಎನ್ನುತ್ತವೆ. ಆಗ ಹಿರಿಯ ಹುಂಜವು ಎದೆಯುಬ್ಬಿಸಿ, "ಕಾಳು ಹಾಕಿದ ಯಜಮಾನನ ಋಣ ತೀರಿಸದೆ ನಾನು ಹೆಜ್ಜೆ ಕೀಳಲಾರೆ!" ಎನ್ನುತ್ತದೆ. ಉಳಿದ ಕೋಳಿಗಳು ಕಣ್ಣೀರಿಟ್ಟು ಸ್ವಸ್ಥಾನಕ್ಕೆ ಮರಳುತ್ತವೆ. ನೀತಿ: ಉಪಕಾರವನ್ನು ಮರೆಯಬಾರದು.

ಮಕ್ಕಳು ಮಿಸುಕಾಡಲಿಲ್ಲ. ನಿತ್ಯ ಹುಬ್ಬು ಗಂಟಿಕ್ಕಿದಳು.

"ಬಾಗ್ಲು ತೆಗ್ದಿದ್ರೂ ಓಡ್ಲಿಲ್ವಾ?"

"ಓಡಲಿಲ್ಲ."

"ಒಂದೂವಾ?"

"ಒಂದೂ ಓಡಲಿಲ್ಲ ಮಗಳೇ!"

ಕೊನೆಯವರೆಗೂ ಕೇಳಿದ್ದಲ್ಲದೆ ಪ್ರಶ್ನೆ ಬೇರೆ! ನಾಲ್ಕು ವರ್ಷ ಕಾದಿದ್ದು ಇದಕ್ಕೇ. ಸಂತೋಷ ತಡೆಯಲಾರದೆ, ಈರುಳ್ಳಿ ಹೆಚ್ಚುತ್ತಿದ್ದ ಸೌಮ್ಯಳಿಗೆ ಹೇಳಲು ಒಳಗೆ ಓಡಿದೆ. ಅವಳ ಕಣ್ಣಲ್ಲಿ ನೀರು ಕಂಡು ನನ್ನ ಕತೆಯ ಪ್ರಭಾವಕ್ಕೆ ನಾನೇ ಬೆರಗಾದೆ.

ಹಿತ್ತಲಿನಿಂದ ಭಾವನ ಕೂಗು ಕೇಳಿತು. ಹೋಗಿ ನೋಡಿದರೆ ಗೂಡಿನ ಬಾಗಿಲು ಹಾರು ಹೊಡೆದಿದೆ. ಒಳಗೆ ಒಂದೇ ಒಂದು ಕೋಳಿಯಿಲ್ಲ. ಕಬ್ಬಿನ ಗರಿಗಳು ಅಲ್ಲಲ್ಲಿ ಅಲುಗುತ್ತಿವೆ. ಹನ್ನೊಂದು ಮಕ್ಕಳು ತಣ್ಣಗೆ ನಿಂತಿವೆ.

"ಓಡ್ತವಾ ಇಲ್ವಾ ಅಂತ ನೋಡನ ಅಂತ ತೆಗ್ದೋ," ಎಂದಳು ನಿತ್ಯ. "ನೀನು ಸುಳ್ಳು ಹೇಳ್ದೆ ಮಾಮ. ಎಲ್ಲವೂ ಓಡ್ದೋ."

"ಕಬ್ಬೊಳಿಕ್ಕೆ ನುಗ್ಗಿರೋ ಕೋಳಿಯ ಯಾರ್ಲಾ ಹಿಡಿದಾರು ಬಾಮೈದ!" ಎಂದು ಭಾವ ತಲೆಯ ಮೇಲೆ ಕೈಹೊತ್ತ.

ನಾನು ಹಿಡಿಯುತ್ತೇನೆ ಎಂದು ಪಂಚೆ ಎತ್ತಿಕಟ್ಟಿ ನುಗ್ಗಿದೆ. ಗರಿ ತಾಗಿ ಮುಖವೆಲ್ಲ ಗೀರಿತು. ಕಾಲುವೆಯಲ್ಲಿ ಜಾರಿದೆ. ಪಂಚೆ ಅರ್ಧ ಅಲ್ಲೇ ಉಳಿಯಿತು. ಅರ್ಧ ಗಂಟೆಯ ನಂತರ ಕಡೆಗೂ ಒಂದು ಕೆಂಪು ಕೋಳಿಯನ್ನು ಎದೆಗವಚಿಕೊಂಡು ಜಯಶಾಲಿಯಾಗಿ ಆಚೆ ಬಂದೆ. ಪಕ್ಕದ ಮನೆಯ ಪುಟ್ಟಮ್ಮ ಓಡಿ ಬಂದರು.

"ಅಯ್ಯೋ, ಅದು ನನ್ ಮೊಟ್ಟೆ ಇಕ್ಕೋ ಕೋಳಿ ಕಣಪ್ಪ! ಬುಡು!"

ಬಿಟ್ಟೆ.

ಬೀಗರ ಬಸ್ಸು ಮಂಡ್ಯ ಬಿಟ್ಟಾಗಿತ್ತು. ಭಾವ ಬೈಕಿನಲ್ಲಿ ಮಳವಳ್ಳಿಗೆ ಹೋಗಿ ಫಾರಂ ಕೋಳಿ ತಂದ. ಅಕ್ಕ ನನಗೊಂದು ಮಾತೂ ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾದದ್ದು. ಅವ್ವ ಕೂಲಿಗೆ ಹೋದಾಗ ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ಅವಳು. ಅವಳ ಮಾನ ಈಗ ಹಂಡೆಯಲ್ಲಿ ಬೇಯುತ್ತಿತ್ತು.

ಪಂಕ್ತಿ ಕೂತಿತು. ಹೆಣ್ಣಿನ ತಾತ ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿ, ಒಂದು ತುಂಡನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದರು.

"ನಾಟಿ ಕೋಳಿ ಅಂದಿದ್ರಿ," ಎಂದರು ಗಟ್ಟಿಯಾಗಿ. "ಇದು ಫಾರಂದು ಕಣಮ್ಮ."

ಇಡೀ ಪಂಕ್ತಿ ಕೈ ನಿಲ್ಲಿಸಿತು. ಸಾರಿನ ಬಕೆಟ್ ಹಿಡಿದಿದ್ದ ಅಕ್ಕನ ಮುಖ ಬಾಡಿತು. ಆ ಮುಖ ನೋಡಲಾಗದೆ ನಾನು ಹರಿದ ಪಂಚೆಯಲ್ಲೇ ಮುಂದೆ ಬಂದೆ.

"ತಪ್ಪು ನಂದು ತಾತ. ನಾನೊಂದು ಕತೆ ಬರ್ದಿದ್ದೆ."

"ಕತೆಗೂ ಕೋಳಿಗೂ ಏನ್ಲಾ?"

ಹೇಳಿದೆ. ರೈತ, ಬಾಗಿಲು, ಹುಂಜ, ಋಣ, ಎಲ್ಲವನ್ನೂ ಹೇಳಿದೆ. ಆಮೇಲೆ ನಿತ್ಯ, ಕಬ್ಬು, ಪುಟ್ಟಮ್ಮನ ಕೋಳಿ. ತಾತ ಕೈಯಲ್ಲಿದ್ದ ಮುದ್ದೆಯನ್ನು ಎಲೆಗಿಟ್ಟರು.

"ಬಾಗ್ಲು ತೆಗ್ದಿದ್ರೂ... ಋಣ ಅದೆ ಅಂತ... ಕುಂತ್ಕತ್ತಾ ಕೋಳಿ?" ಎಂದವರೇ ನಗತೊಡಗಿದರು. ಕೆಮ್ಮು ಬಂತು, ಯಾರೋ ನೀರು ಕೊಟ್ಟರು, ಕುಡಿದು ಮತ್ತೆ ನಕ್ಕರು. ಪಂಕ್ತಿಯುದ್ದಕ್ಕೂ ನಗು ಹರಡಿತು. "ಆಕಮ್ಮ, ಇನ್ನೊಂದ್ಸೊಲ್ಪ ಸಾರು ಆಕು. ಇಂಥ ಕತೆ ಯಾವ್ ಬೀಗರೂಟದಲ್ಲೂ ಬಡ್ಸಿರ್ಲಿಲ್ಲ!" ಅಕ್ಕನೂ ನಕ್ಕಳು. ನನ್ನ ಅತ್ಯಂತ ಗಂಭೀರ ಕೃತಿಗೆ ಮನ್ನಣೆ ಸಿಕ್ಕಿದ್ದು ಹೀಗೆ.

ಎಲ್ಲರೂ ಹೋದ ಮೇಲೆ ಅಕ್ಕ ನನಗೆ ಬಡಿಸಿ ಎದುರಿಗೆ ಕೂತಳು. ಮುಖದ ಗೀರುಗಳಿಗೆ ಕೊಬ್ಬರಿ ಎಣ್ಣೆ ಸವರಿದಳು.

"ಚಿಕ್ಕೋನಿದ್ದಾಗ ನಿಂಗೆ ಎಷ್ಟ್ ಕತೆ ಹೇಳಿವ್ನಿ ಕಣ್ಲಾ. ಒಂದ್ರಲ್ಲಾದ್ರೂ ಕೋಳಿ ಅಂಗೆ ಕುಂತಿತ್ತಾ?"

ಇರಲಿಲ್ಲ. ಅಕ್ಕನ ಕೋಳಿಗಳು ಕದಿಯುತ್ತಿದ್ದವು, ಸುಳ್ಳು ಹೇಳುತ್ತಿದ್ದವು, ಮಾಳಿಗೆ ಹತ್ತಿ ಓಡುತ್ತಿದ್ದವು. ನಾನು ಹಸಿವು ಮರೆತು ಬಾಯಿ ತೆರೆದು ಕೇಳುತ್ತಿದ್ದೆ, ಅವ್ವ ಬರುವವರೆಗೆ. ನೀತಿ ಯಾವುದೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಣ್ಣೊರೆಸಿಕೊಂಡು, ಖಾರ ಜಾಸ್ತಿಯಾಯಿತು ಎಂದು ಸುಳ್ಳು ಹೇಳಿದೆ.

ಆ ವಾರ ಹೊಸದಾಗಿ ಬರೆದೆ. ಈ ಸಲ ಕೋಳಿಗಳೆಲ್ಲ ಓಡುತ್ತವೆ, ಹಿಂದೆ ಹರಿದ ಪಂಚೆಯ ಮಾಮ ಓಡುತ್ತಾನೆ. ಫೋನ್ ಮಾಡಿ ನಿತ್ಯಳಿಗೆ ಓದಿದೆ. ಅವಳು ಎರಡು ಸಲ ಕಿಲಕಿಲ ನಕ್ಕಳು. ಕೊನೆಯವರೆಗೂ ಕೇಳಿದಳು.

"ಚೆಂದಾಗದೆ ಮಾಮ," ಎಂದಳು.

ನನ್ನ ಎದೆ ಉಬ್ಬಿತು.

"ಒಂದೇ ಒಂದ್ ತಾವು ಸುಳ್ಳದೆ. ಕೊನೇಲಿ ಮಾಮ ಕೋಳಿ ಹಿಡಿತಾನೆ ಅಂತ ಬರ್ದಿದೀಯ."

ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿದೆ.