ಸ್ಪೀಕರಿಗೆ ಎರಡನೇ ಅರ್ತು

ನಮ್ಮ ದೊಡ್ಡಪ್ಪನಿಗೆ ದೇವರ ಮೇಲೆ ಎಷ್ಟು ನಂಬಿಕೆಯಿದೆಯೋ ನಾನು ಕೇಳಲು ಹೋಗಿಲ್ಲ. ಕರೆಂಟಿನ ಅರ್ತಿಂಗ್ ಮೇಲಿನ ನಂಬಿಕೆಯನ್ನಂತೂ ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಒಂದು ಚೊಂಬು ನೀರು ಹಿಡಿದು ಹಿತ್ತಲಿಗೆ ಹೋಗುತ್ತಾರೆ. ಹೂಗಿಡಕ್ಕೆ ಎಂದುಕೊಂಡಿರಾ? ಅಲ್ಲ, ಇದ್ದಿಲು, ಉಪ್ಪು ತುಂಬಿದ ಅರ್ತ್ ಗುಂಡಿಗೆ. ನೀಲಗಿರಿ ಬೆಟ್ಟದ ನಮ್ಮೂರು ಎಮರಾಲ್ಡಿನ ನೆಲ ಒಣಗುವುದೇ ಅಪರೂಪ, ನೀರೇಕೆ ಎಂದು ಕೇಳಿದರೆ, "ಮಳೆ ಕೆಲಸ ಮಳೆಗೆ, ನನ್ನ ಕೆಲಸ ನನಗೆ" ಎನ್ನುತ್ತಾರೆ. ಕುಂದಾದ ಪವರ್‌ಹೌಸಿನಲ್ಲಿ ಮೂವತ್ತು ವರ್ಷ ದುಡಿದವರ ಎದುರು ವಾದ ಮಾಡುವುದುಂಟೇ!

ಅವರ ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೋ. ಒಂದು ಮೈಕು, ಒಂದು ಕಂಪ್ಯೂಟರು, ಎರಡು ಸ್ಪೀಕರು. ಸುತ್ತಲಿನವರು ಬಂದು ಹಾಡುತ್ತಾರೆ, ನಾನು ರೆಕಾರ್ಡ್ ಮಾಡಿಕೊಡುತ್ತೇನೆ. ಹೋದ ಆಷಾಢದಲ್ಲಿ ಒಂದು ಬುಧವಾರ ಇದ್ದಕ್ಕಿದ್ದಂತೆ ಸ್ಪೀಕರುಗಳು ಗುಂಯ್ ಎನ್ನತೊಡಗಿದವು. ರೆಕಾರ್ಡ್ ಮಾಡಿದರೆ ಅದರೊಳಗೂ ಅದೇ ಗುಂಯ್.

ಬೇರೆ ಸಮಯವಾಗಿದ್ದರೆ ನಿಧಾನವಾಗಿ ನೋಡಿಕೊಳ್ಳಬಹುದಿತ್ತು. ಆದರೆ ಹಿಂದಿನ ದಿನವೇ ಕೊಯಮತ್ತೂರಿನ ಡಾಕ್ಟರು ದೊಡ್ಡಮ್ಮನ ಗಂಟಲಿಗೆ ಆಪರೇಷನ್ ಆಗಬೇಕು ಎಂದಿದ್ದರು. ಜೀವಕ್ಕೆ ಭಯವಿಲ್ಲ, ದನಿ ಮಾತ್ರ ಮೊದಲಿನ ಹಾಗೆ ಬರುತ್ತದೆಂದು ಹೇಳಲಾರೆ ಎಂದೂ ಸೇರಿಸಿದ್ದರು. ದೊಡ್ಡಮ್ಮ ಸೋಬಾನೆ ಹಾಡುವವರು. ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರ ಮದುವೆಗಳಲ್ಲಿ ಅವರು ದನಿ ಎತ್ತದೆ ಹೆಣ್ಣಿಗೆ ಅರಿಶಿನ ಹಚ್ಚಿದ್ದಿಲ್ಲ. ಸೋಮವಾರ ಆಸ್ಪತ್ರೆಗೆ ಸೇರಬೇಕಿತ್ತು. ಅಷ್ಟರೊಳಗೆ ಆ ಹಾಡುಗಳನ್ನು ಹಿಡಿದಿಡಬೇಕಿತ್ತು.

ದೊಡ್ಡಪ್ಪ ತನಿಖೆಗೆ ಇಳಿದರು. ಮೇನ್ ಬೋರ್ಡಿನ ಮುಂದೆ ನಿಂತು ಒಂದೊಂದೇ ಸ್ವಿಚ್ಚು ಆರಿಸುತ್ತಾ, ನನ್ನ ಕೋಣೆಯತ್ತ "ಈಗ?" ಎಂದು ಕೂಗುವುದು. "ಹಾಗೇ ಇದೆ" ಎಂದು ನಾನು. ಫ್ರಿಜ್ ನಿರಪರಾಧಿ, ಗೀಸರ್ ನಿರಪರಾಧಿ, ಟ್ಯೂಬ್‌ಲೈಟಿನ ಮೇಲೂ ಸಾಕ್ಷ್ಯವಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ನಿಂತು, ಚಟ್ನಿ ಅರ್ಧಕ್ಕೇ ಉಳಿಯಿತು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ "ಕರೆಂಟ್ ಪೋಯಿಡುಚ್ಚಾ?" ಎಂದು ವಿಚಾರಿಸಿದರು. ಕರೆಂಟು ಹೋಗಿಲ್ಲ, ವಿಚಾರಣೆಯಲ್ಲಿದೆ ಎಂದು ದೊಡ್ಡಪ್ಪ ಗಂಭೀರವಾಗಿಯೇ ಉತ್ತರ ಕೊಟ್ಟರು.

ಶುಕ್ರವಾರ ನಾನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸಿದರೆ ಗುಂಯ್ ನಿಲ್ಲುತ್ತದಂತೆ ಎಂದೆ. ದೊಡ್ಡಪ್ಪ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಯಾರಪ್ಪ ಹೇಳ್ದೋರು? ಅವ್ರ ಮನೇಲಿ ಹೆಂಡ್ತಿ ಮಕ್ಳು ಇಲ್ವಾ? ಮೈಕ್ ಹಿಡ್ಕೊಂಡು ಹಾಡೋಳು ನಿಮ್ ದೊಡ್ಡಮ್ಮ ಕಣಪ್ಪ, ಶಾಕ್ ಹೊಡೆದ್ರೆ?"

ನಾನು ಕಟಿಂಗ್ ಪ್ಲೇಯರ್ ಕೆಳಗಿಟ್ಟೆ.

ಶನಿವಾರ, ಬೇರೇನೂ ತೋಚದೆ, ಸ್ಪೀಕರಿನ ಮೇಜನ್ನು ಗೋಡೆಯಿಂದ ಎಳೆದು ನೋಡಿದೆ. ಹಿಂದೆ ಹೊಸದೊಂದು ಪ್ಲಗ್ ಬಾಕ್ಸು, ಅದರಿಂದ ಹೊರಟ ಹಸಿರು ವೈರು ಕಿಟಕಿ ದಾಟಿ ಕ್ಯಾರೆಟ್ ಪಾತಿಯ ಪಕ್ಕದಲ್ಲಿ ಅಗೆದ ಹೊಸ ಗುಂಡಿಗೆ ಇಳಿದಿತ್ತು.

"ಇದೇನು ದೊಡ್ಡಪ್ಪ?"

"ಎರಡನೇ ಅರ್ತು. ಪವರ್‌ಹೌಸಲ್ಲಿ ಯಾವ ಮೆಷಿನಿಗೂ ಎರಡಿರ್ತವೆ, ಒಂದು ಕೈಕೊಟ್ರೆ ಇನ್ನೊಂದು ಇರ್ಲಿ ಅಂತ. ಅವಳು ಹಾಡೋವಾಗ ಏನೂ ಆಗ್ಬಾರ್ದು ನೋಡು."

ಕಂಪ್ಯೂಟರಿಗೆ ಹಳೆಯ ಗುಂಡಿ, ಸ್ಪೀಕರಿಗೆ ಹೊಸ ಗುಂಡಿ. ಎರಡರ ನಡುವೆ ಅಲೆಯುವ ಕರೆಂಟು ಕಂಪ್ಯೂಟರಿನಿಂದ ಸ್ಪೀಕರಿಗೆ ಹಾಡು ಒಯ್ಯುವ ಕೇಬಲ್ಲನ್ನೇ ದಾರಿ ಮಾಡಿಕೊಂಡು ಗುಂಯ್ ಎಂದು ಓಡಾಡುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪನಿಗೆ ಅದು ಹೊಳೆದಿತ್ತು. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಎರಡು ಗುಂಡೀನೂ ಒಂದಕ್ಕೊಂದು ಸೇರಿಸಿ ಕಟ್ಬೇಕು. ಮೂವತ್ತು ವರ್ಷ ನಾನೇ ಹುಡುಗ್ರಿಗೆ ಹೇಳ್ಕೊಟ್ಟಿದ್ದೀನಿ. ಡಾಕ್ಟರ ಹತ್ರ ಹೋಗಿ ಬಂದ ಮಾರನೇ ಬೆಳಿಗ್ಗೆ ಅಗೆದಿದ್ದು. ತಲೆ ಎಲ್ಲೋ ಇತ್ತು."

ಹೊಸ ವೈರನ್ನು ತಾವೇ ಬಿಚ್ಚಿದರು. ಎಲ್ಲವನ್ನೂ ಒಂದೇ ಬೋರ್ಡಿಗೆ, ಹಳೆಯ ಅರ್ತಿಗೆ ಸೇರಿಸಿದೆವು. ಗುಂಯ್ ನಿಂತಿತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಭಾನುವಾರ ದೊಡ್ಡಮ್ಮ ಹಣೆಗೆ ವಿಭೂತಿ ಇಟ್ಟುಕೊಂಡು, ರೇಷ್ಮೆ ಸೀರೆ ಉಟ್ಟು ಬಂದು ಕೂತರು. ರೆಕಾರ್ಡಿಂಗಿಗೆ ಸೀರೆ ಕಾಣುವುದಿಲ್ಲ ಎಂದರೆ, "ನನಗೆ ಕಾಣ್ತದಲ್ಲ" ಎಂದರು. ಹನ್ನೊಂದು ಹಾಡು ಹಾಡಿದರು. ನಡುನಡುವೆ ನೋವಿಗೆ ಗಂಟಲು ಹಿಡಿದುಕೊಂಡರೂ ಒಂದನ್ನೂ ಅರ್ಧಕ್ಕೆ ಬಿಡಲಿಲ್ಲ.

ಅವರು ಒಳಗೆ ಹೋದ ಮೇಲೆ, ಆ ವಾರದ ಕೆಟ್ಟ ರೆಕಾರ್ಡಿಂಗುಗಳನ್ನು ಅಳಿಸಲು ಕೂತೆ. ಅಳಿಸುವ ಮೊದಲು ಒಂದನ್ನು ಹಾಕಿ ನೋಡಿದೆ. ಗುಂಯ್ ಎನ್ನುವುದರ ನಡುವೆ ಅಡುಗೆಮನೆಯಿಂದ ದೊಡ್ಡಮ್ಮನ ದನಿ ಕೇಳಿತು: "ರೀ, ಎಷ್ಟು ಸಲ ಕೂಗೋದು? ಬನ್ನಿ, ಕಾಫಿ ಆರೋಗ್ತದೆ."

ಹಿಂದೆ ನಿಂತಿದ್ದ ದೊಡ್ಡಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಹಾಡೆಲ್ಲ ನೆಂಟರಿಗೆ ಕೊಡು. ಇದು ನನಗೆ ಬೇಕು."

"ಗುಂಯ್ ಅನ್ನೋದನ್ನ ತೆಗೆದು ಕೊಡ್ತೀನಿ ದೊಡ್ಡಪ್ಪ."

"ಬೇಡ ಕಣಪ್ಪ. ಅದನ್ನ ತೆಗೆಯೋಕೆ ಹೋಗಿ ಇವಳ ದನೀನೂ ಒಂಚೂರು ಹೋದ್ರೆ?"