ಮೂರು ಡಬ್ಬಿ ಹಲಸಿನ ತೊಳೆಯ ವಾಪಸಾತಿ

ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಒಡೆದು ಮನೆಗೆ ಬಂದವನು, ನಿಜ. ಹಾಗೆಂದು ಫ್ರಿಜ್ಜಿನ ವಿಚಾರದಲ್ಲಿ ಹೆಂಡತಿಯಿಂದ ಪಾಠ ಹೇಳಿಸಿಕೊಳ್ಳಬೇಕೆ? ತಿಪಟೂರಿನಿಂದ ಅದನ್ನು ಲಗೇಜ್ ಆಟೋದಲ್ಲಿ ಬಾಣಂತಿಯನ್ನು ಕರೆತರುವ ಹಾಗೆ ತಂದವನು ನಾನು. ಶೆಟ್ಟಿಕೆರೆಯ ನಮ್ಮ ಬೀದಿಗೆ ಅದೇ ಮೊದಲ ಫ್ರಿಜ್ಜು.

ನಮ್ಮ ಕಡೆ ಹಲಸಿನ ಹಣ್ಣು ಕುಯ್ದರೆ ನಾಲ್ಕು ಮನೆಗೆ ಹಂಚದೆ ತಿನ್ನುವಂತಿಲ್ಲ. ಆಷಾಢದಲ್ಲಿ ಎಲ್ಲರೂ ಹಂಚುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ಗೌರಿಹಬ್ಬಕ್ಕೆ ಹಂಚಬೇಕು, ಊರು ಬಾಯಿ ಬಿಡಬೇಕು ಎಂದು ತೊಳೆ ಬಿಡಿಸಿ, ಮೂರು ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಟ್ಟೆ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟಿಲ್ಲ. ತೊಳೆ ಕರಗಿ ಮೆತ್ತಗಾಯಿತು. ಕರೆಂಟು ಬಂದ ಮೇಲೆ ಮತ್ತೆ ಗಟ್ಟಿಯಾಯಿತು.

"ತಿಪ್ಪೆಗೆ ಸುರೀರಿ. ಒಂದ್ಸಲ ಕರಗಿದ್ದು ಮುಗೀತು," ಎಂದಳು ನನ್ನ ಹೆಂಡತಿ ಹಾಲಮ್ಮ.

"ಕಲ್ಲಿದ್ದಂಗೈತೆ ಕಣೇ. ಕಲ್ಲು ಎಲ್ಲಾದ್ರೂ ಹಳಸ್ತದಾ?" ಎಂದು ಗುಡುಗಿ, ಹಬ್ಬದ ಬೆಳಿಗ್ಗೆ ನಾನೇ ಹೊರಟೆ. ಒಂದು ಡಬ್ಬಿ ಎದುರುಮನೆ ಶಂಭುಲಿಂಗಯ್ಯನವರಿಗೆ, ಒಂದು ಗೆಳೆಯ ಮಾಯಣ್ಣನಿಗೆ, ಒಂದು ಮೇಲಿನ ಬೀದಿಯ ನಮ್ಮಕ್ಕ ಮೀನಾಕ್ಷಮ್ಮನಿಗೆ. (ಮೂರು ಮನೆಯಲ್ಲೂ ಫ್ರಿಜ್ಜಿನ ಮಹಿಮೆಯ ಬಗ್ಗೆ ಭಾಷಣ ಬೇರೆ.)

ಮಧ್ಯಾಹ್ನ ವಾಪಸ್ ಬಂದರೆ ಮಗಳು ಗಾನವಿ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದಾಳೆ. ಯಾವುದೋ ಕಂಪನಿಯ ಮಾವಿನ ಹಣ್ಣಿನ ಪ್ಯಾಕೆಟ್ಟು ಲಾರಿಯಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿತ್ತಂತೆ. ತಿಂದವರಿಗೆ ಹೊಟ್ಟೆ ಕೆಟ್ಟು, ಕಂಪನಿ ಎಲ್ಲ ಅಂಗಡಿಯಿಂದಲೂ ಮಾಲು ವಾಪಸ್ ತರಿಸಿಕೊಳ್ಳುತ್ತಿದೆಯಂತೆ.

ಹಾಲಮ್ಮ ಪೇಪರು ನೋಡಲಿಲ್ಲ, ನನ್ನ ಮುಖ ನೋಡಿದಳು. "ಅಷ್ಟು ದೊಡ್ಡ ಕಂಪ್ನಿಯೋರೇ ತಪ್ಪಾಯ್ತು ಅಂತ ವಾಪಸ್ ತಗಂತಾವ್ರೆ. ಅಕ್ಕನ ಮನೇಲಿ ಎರಡು ಸಣ್ಣ ಮೊಮ್ಮಕ್ಕಳವೆ ಕಣ್ರೀ."

ನನ್ನ ಜಂಬ ಜರ್ರನೆ ಇಳಿಯಿತು. ಚಪ್ಪಲಿ ಮೆಟ್ಟದೆ ಓಡಿದೆ.

"ತೊಳೆ ತಿಂದ್ರಾ?" ಎಂದು ಶಂಭುಲಿಂಗಯ್ಯನವರ ಹೊಸ್ತಿಲಲ್ಲೇ ಕೇಳಿದೆ.

"ನಂಗೆ ನೆಗಡಿ ಕಣಪ್ಪ, ಐಸು ಆಗಕಿಲ್ಲ. ಮಕ್ಕಳು ತಿನ್ಲಿ ಅಂತ ನಿಮ್ಮಕ್ಕನ ಮನೆಗೆ ಕಳ್ಸಿದೆ."

ಮಾಯಣ್ಣ ಬೊಚ್ಚುಬಾಯಿ ತೆರೆದು ತೋರಿಸಿದ. "ನಂಗೆಲ್ಲೈತ್ಲಾ ಹಲ್ಲು? ನಿಮ್ಮಕ್ಕಂಗೇ ಕೊಟ್ಟೆ ಬುಡು."

ಮೂರು ಡಬ್ಬಿಯೂ ಆ ಮಕ್ಕಳಿರುವ ಮನೆಯಲ್ಲೇ. ಅಕ್ಕನ ಮನೆ ಮುಟ್ಟುವಷ್ಟರಲ್ಲಿ ನನ್ನ ನಾಲಗೆ ಒಣಗಿದ ತೆಂಗಿನ ಮಟ್ಟೆಯಾಗಿತ್ತು. ಏದುಸಿರು ಬಿಡುತ್ತ ಜಗಲಿಯ ಮೇಲೆ ಕೂತೆ. ಅಕ್ಕ ಗಾಬರಿಯಾಗಿ ಕೈಗೊಂದು ದೊಡ್ಡ ಲೋಟ ಕೊಟ್ಟಳು. ಗಟಗಟ ಕುಡಿದೆ. ಬೆಲ್ಲ, ಕಾಯಿಹಾಲು, ಏಲಕ್ಕಿ, ತಣ್ಣಗೆ ಅಮೃತ. ಇನ್ನೊಂದು ಕೊಟ್ಟಳು, ಅದನ್ನೂ ಇಳಿಸಿದೆ. (ಬೆಳಿಗ್ಗೆಯಿಂದ ನನ್ನ ಮೈಯೇ ಹಲಸಿನ ವಾಸನೆ ಹೊಡೆಯುತ್ತಿತ್ತು. ಲೋಟದ ವಾಸನೆ ಬೇರೆ ಗೊತ್ತಾಗುವುದೆಲ್ಲಿ?)

"ಅಕ್ಕ, ತೊಳೆ ಎಲ್ಲಿ? ಮಕ್ಕಳು ತಿಂದ್ವಾ?"

"ಮೂರು ಡಬ್ಬೀನೂ ಕಿವುಚಿ ರಸಾಯನ ಮಾಡ್ದೆ ಕಣಪ್ಪ. ಅವಕ್ಕಿನ್ನೂ ಕೊಟ್ಟಿಲ್ಲ. ಗೌರಿಹಬ್ಬದ ದಿನ ತವರಿನೋನು ಬಾಗಿಲಿಗೆ ಬಂದವ್ನೆ, ಮೊದಲು ನಿಂಗೆ ಕೊಡದೆ ಅವಕ್ಕೆ ಕೊಡ್ತೀನಾ?"

ಪಾತ್ರೆಯಲ್ಲಿ ಉಳಿದದ್ದನ್ನು ತಿಪ್ಪೆಗೆ ಸುರಿದು, ಅಕ್ಕನಿಂದ ಸಾಲಂಕೃತವಾಗಿ ಬೈಸಿಕೊಂಡು, ಮಕ್ಕಳ ತಲೆ ಸವರಿ ಮನೆಗೆ ಬಂದೆ.

"ಯಾರಾದ್ರೂ ತಿಂದ್ರಾ?" ಎಂದಳು ಹಾಲಮ್ಮ.

"ನಮ್ಮ ಗಿರಾಕಿಗಳು ಯಾರೂ ಒಂದು ಚೂರೂ ತಿಂದಿಲ್ಲ," ಎಂದು ಮೀಸೆ ತಿರುವಿದೆ. ಅಷ್ಟರಲ್ಲಿ ಹೊಟ್ಟೆಯೊಳಗೆ ತಮಟೆ ಶುರುವಾಗಿ, ಚೆಂಬು ಹಿಡಿದು ತೋಟಕ್ಕೆ ಓಡಬೇಕಾಯಿತು.

ಆರನೆಯ ಸಲ ಹೊರಟಾಗ ಹಾಲಮ್ಮ ತುಂಬಿದ ಚೆಂಬು ಕೈಗಿಟ್ಟಳು.

"ಹಲಸಿನ ಮರದ ಬುಡಕ್ಕೇ ಹೋಗ್ರೀ," ಎಂದಳು. "ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಮುಟ್ಲಿ."