ಫೋಟೋದಲ್ಲಿ ನಗುತ್ತಿದ್ದಾನೆ

ಕಂಡದ್ದನ್ನು ಕಂಡ ಹಾಗೆ ಬಣ್ಣಿಸುವ ಕಲೆ ನನಗೆ ಒಲಿದಿಲ್ಲ. ಸಿನಿಮಾ ನೋಡಿ ಬಂದಾಗ ಕತೆ ಏನೆಂದು ಹೆಂಡತಿ ಕೇಳಿದರೆ ‘ಪರವಾಗಿಲ್ಲ’ ಎನ್ನುತ್ತೇನೆ. ನನ್ನ ಅಣ್ಣ ಹಾಗಲ್ಲ. ಅವನು ಸಿನಿಮಾ ಕತೆ ಹೇಳಲು ಕುಳಿತರೆ ಅಮ್ಮ ಸಾರಿಗೆ ಒಗ್ಗರಣೆ ಹಾಕುವುದನ್ನೂ ಮರೆತು ಕೇಳುತ್ತಿದ್ದಳು. ಆಮೇಲೆ ಟಾಕೀಸಿಗೆ ಹೋಗಿ ಅದನ್ನೇ ನೋಡಿದರೆ ನಮಗೆಲ್ಲ ಸಪ್ಪೆ ಅನ್ನಿಸುತ್ತಿತ್ತು.

ಆ ಅಣ್ಣ ಹೋಗಿ ಎಂಟು ವರ್ಷವಾಯಿತು. ಕಳೆದ ತಿಂಗಳು ಅತ್ತಿಗೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ತ್ಯಾಗರಾಜನಗರದಿಂದ ಜಯನಗರದ ನಮ್ಮ ಮನೆಗೆ ಬಂದು ಒಂದು ವಾರ ಇದ್ದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಟಿವಿ ಇಲ್ಲ, ಪೇಪರ್ ಇಲ್ಲ. ಎರಡನೆಯ ದಿನ ಮಧ್ಯಾಹ್ನದ ಕಾಫಿಯಾದ ಮೇಲೆ ತಮ್ಮ ಚೀಲದಿಂದ ಹಳೆಯ ಆಲ್ಬಂ ತೆಗೆಸಿ, ಒಂದೊಂದೇ ಫೋಟೋ ನೋಡಿ ಹೇಳು ಎಂದರು.

ಮೂವತ್ತೈದು ವರ್ಷ ಕಚೇರಿಯಲ್ಲಿ ಟಿಪ್ಪಣಿ ಬರೆದವನು ನಾನು. ಮೊದಲ ಫೋಟೋ ನೋಡಿ, ಸ್ಕೂಟರ್ ಒಂದು, ಜನ ಮೂವರು, ಹಿಂದೆ ಮರ ಎಂದು ವರದಿ ಒಪ್ಪಿಸಿದೆ. ಮಹಜರು ಬೇಡ, ಯಾರು ಏನು ಮಾಡುತ್ತಿದ್ದಾರೆ ಹೇಳು ಎಂದರು ಅತ್ತಿಗೆ. ಕನ್ನಡಕ ಒರೆಸಿಕೊಂಡು ಮತ್ತೆ ಶುರು ಮಾಡಿದೆ. ಅಣ್ಣ ಹೊಸ ಸ್ಕೂಟರಿನ ಹ್ಯಾಂಡಲ್ ಹಿಡಿದು ನಿಂತಿದ್ದಾನೆ. ಅವನ ಹಣೆಗೂ ಕುಂಕುಮ, ಸ್ಕೂಟರಿಗೂ ಕುಂಕುಮ. ನೀವು ಹಿಂದಿನ ಸೀಟಿನಲ್ಲಿ ಸೆರಗು ಬಿಗಿಯಾಗಿ ಹಿಡಿದು ಕುಳಿತಿದ್ದೀರಿ. ಅಣ್ಣ ಕ್ಯಾಮೆರಾ ಬಿಟ್ಟು ನಿಮ್ಮನ್ನೇ ನೋಡಿ ನಗುತ್ತಿದ್ದಾನೆ. ಇಷ್ಟು ಹೇಳಿದ ಮೇಲೆ ನನ್ನ ತಪ್ಪು ಹೊಳೆಯಿತು. ಇಲ್ಲದವನನ್ನು ನಿಂತಿದ್ದಾನೆ, ನಗುತ್ತಿದ್ದಾನೆ ಎನ್ನುವುದೆ? ತಕ್ಷಣ ‘ನಗ್ತಿದ್ದ’ ಎಂದು ತಿದ್ದಿದೆ.

“ಯಾಕೆ ತಿದ್ದಿದೆ ರಾಘು?” ಎಂದರು ಅತ್ತಿಗೆ. “ಈಗ ತಾನೆ ನಗ್ತಿದಾನೆ ಅಂದ್ಯಲ್ಲ.”

“ಅಲ್ಲ ಅತ್ತಿಗೆ, ಅಣ್ಣ ಈಗ…”

“ಅದು ನಂಗೊತ್ತಿಲ್ವೇನೋ? ಫೋಟೋದಲ್ಲಿ ನಗ್ತಿದಾರಲ್ಲ. ಹಾಗೇ ಹೇಳು.”

ಹಾಗೇ ಹೇಳಿದೆ. ಕೇಳುತ್ತ ಕೇಳುತ್ತ ಅವರು ಭುಜದ ಮೇಲಿನ ಸೆರಗನ್ನು ಸರಿಮಾಡಿಕೊಂಡರು. ನಾಲ್ಕು ಮಾತಿನಲ್ಲಿ ಮುಗಿಸುವ ನಾನು ಆ ಒಂದು ಫೋಟೋಗೆ ಅರ್ಧ ಗಂಟೆ ತೆಗೆದುಕೊಂಡೆ. ಹ್ಯಾಂಡಲಿಗೆ ಕಟ್ಟಿದ್ದ ಸೇವಂತಿಗೆ ಹಾರವನ್ನೂ ಬಿಡಲಿಲ್ಲ.

ಕೊನೆಗೆ, ಪಕ್ಕದಲ್ಲಿ ನಿಂತಿರುವ ಮೂರನೆಯವನು ನೀನೇ ಅಲ್ಲವೇ, ಹೇಗಿದ್ದೀಯ ಎಂದು ಕೇಳಿದರು. ನಾನು ಕಾಲೇಜು ಸೇರಿದ ವರ್ಷ ಅದು. ನನಗೆ ಉತ್ಸಾಹ ಬಂತು.

“ತೆಳ್ಳಗಿದೀನಿ ಅತ್ತಿಗೆ. ತಲೆ ತುಂಬ ಗುಂಗುರು ಕೂದಲಿದೆ.”

“ಇತ್ತು ಅನ್ನಿ,” ಎಂದಳು ಹೆಂಡತಿ ಅಡುಗೆಮನೆಯಿಂದ.

ವ್ಯಾಕರಣದಲ್ಲಿ ಅತ್ತಿಗೆ ನನ್ನ ಪರ ಮಾತಾಡುತ್ತಾರೆಂದು ಕಾದೆ. ಅವರು ನಗು ತಡೆದುಕೊಂಡು, ಮುಂದಿನ ಪುಟ ತಿರುಗಿಸು ಎಂದರು.